ಹಿನ್ನೀರಿನಾಚೆಯ ಕಣ್ಣಿನ ಕ್ಯಾಂಪು

ನಮ್ಮ ಲಯನ್ಸ್ ಕ್ಲಬ್ಬಿನ ಮೀಟಿಂಗು ತಿಂಗಳಿಗೆ ಎರಡು ಸಲ, ಸಂಜೆ ಏಳಕ್ಕೆ. ಅಂಗಡಿ ಬಾಗಿಲು ಹಾಕಿ ಬರುವವರು, ತೋಟದಿಂದ ನೇರವಾಗಿ ಬರುವವರು, ನನ್ನ ಹಾಗೆ ಶಾಲೆಯ ಕೆಲಸ ಮುಗಿಸಿ ಬರುವವರು ಎಲ್ಲ ಸೇರುವಾಗ ಏಳೂವರೆ ಆಗುತ್ತದೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ. ಪ್ರಾರ್ಥನೆ, ಧ್ವಜವಂದನೆ, ಕಾರ್ಯದರ್ಶಿಯ ವರದಿ, ಖಜಾಂಚಿಯ ಲೆಕ್ಕ. ಹುಟ್ಟುಹಬ್ಬ ಇರುವವರಿಗೆ ಒಂದು ಹೂವು. ಆಮೇಲೆ ಟೀ, ಬೋಂಡಾ. "ಅಷ್ಟು ಹೊತ್ತು ಅಲ್ಲಿ ಕೂತು ಏನು ಮಾಡ್ತೀರಿ ಅಕ್ಕಾ? ಸುಮ್ನೆ ಕೆಲಸ ಮಾಡಿ ಬರಬಾರದಾ?" ಅಂತ ನನ್ನ ತಮ್ಮ ಒಮ್ಮೆ ಕೇಳಿದ. ಆಗ ಸರಿಯಾದ ಉತ್ತರ ಹೊಳೆಯಲಿಲ್ಲ. ಈ ಸಲ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆ ಮಾಡಿದ ಕಣ್ಣಿನ ಕ್ಯಾಂಪು ಅದಕ್ಕೆ ಉತ್ತರ ಅಂತ ನನಗೆ ಅನ್ನಿಸುತ್ತದೆ.

ಲಯನ್ಸ್‌ಗೂ ಕಣ್ಣಿಗೂ ಹಳೆಯ ನಂಟು. 1917ರಲ್ಲಿ ಶಿಕಾಗೋದಲ್ಲಿ ಮೆಲ್ವಿನ್ ಜೋನ್ಸ್ ಅನ್ನುವ ವಿಮಾ ವ್ಯಾಪಾರಿ ಶುರು ಮಾಡಿದ ಸಂಸ್ಥೆ ಇದು. 1925ರ ಸಮಾವೇಶಕ್ಕೆ ಹೆಲೆನ್ ಕೆಲ್ಲರ್ ಬಂದಿದ್ದರು. ಕಣ್ಣಿಲ್ಲದವರ ಪರವಾಗಿ ನಿಲ್ಲಿ ಅಂತ ಅವರು ಅಲ್ಲಿ ಕೇಳಿಕೊಂಡರು. ಅವತ್ತಿನಿಂದ ಕಣ್ಣಿನ ಕೆಲಸ ಲಯನ್ಸ್‌ನ ದೊಡ್ಡ ಕೆಲಸವಾಯಿತು. ನಮ್ಮ ರಾಜ್ಯದವರಿಗಂತೂ ಕಣ್ಣಿನ ಕ್ಯಾಂಪು ಹೊಸದಲ್ಲ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ಕಣ್ಣಿನ ಆಪರೇಷನ್ ಮಾಡಿದ್ದನ್ನು ಹಿರಿಯರು ಇವತ್ತಿಗೂ ಹೇಳುತ್ತಾರೆ.

ಹಿನ್ನೀರಿನಾಚೆ ಹೋಗೋಣ ಅನ್ನುವ ಮಾತು ಡಿಸೆಂಬರಿನ ಮೀಟಿಂಗಿನಲ್ಲಿ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಶರಾವತಿಯ ನೀರು ನಿಂತು ಆ ಭಾಗ ಸಾಗರದಿಂದ ಬೇರೆಯಾಯಿತು. ಆಮೇಲೆ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಲಾಂಚೇ ಗತಿ. ಸಂಜೆಯ ಕೊನೆ ಲಾಂಚು ತಪ್ಪಿದರೆ ರಾತ್ರಿ ಅಲ್ಲೇ. ಬೇಸಿಗೆಯಲ್ಲಿ ನೀರು ಇಳಿದರೆ ವಾಹನ ಹತ್ತಿಸುತ್ತಿರಲಿಲ್ಲ. 2025ರ ಜುಲೈನಲ್ಲಿ ಸೇತುವೆ ಓಡಾಟಕ್ಕೆ ತೆರೆಯಿತು. ಎರಡು ಕಿಲೋಮೀಟರಿಗೂ ಉದ್ದದ ಸೇತುವೆ, ದಾಟಲು ಕೆಲವೇ ನಿಮಿಷ. ಸೇತುವೆ ಆದ ಮೇಲಿನ ಮೊದಲ ಬೇಸಿಗೆಯಲ್ಲೇ ಅಲ್ಲಿಗೆ ಹೋಗಬೇಕು ಅಂತ ಎಲ್ಲರಿಗೂ ಆಸೆ.

ಆಸೆ ಇದ್ದರೆ ಸಾಲದಲ್ಲ. ಮೊದಲ ಚರ್ಚೆ ದಿನಾಂಕದ್ದು. ಜನವರಿ 26 ರಜೆ, ಅವತ್ತೇ ಮಾಡೋಣ ಅಂದರು ಒಬ್ಬರು. ಅಡಿಕೆ ತೋಟ ಇರುವ ಹಿರಿಯ ಸದಸ್ಯರು ತಕ್ಷಣ ತಡೆದರು. "ಕೊನೆಕೊಯ್ಲು ಮುಗಿಯದೆ ಯಾರೂ ಬರೋದಿಲ್ಲ ಮಾರಾಯ್ರೇ. ಹಗಲು ಕೊಯ್ಲು, ರಾತ್ರಿ ಸುಲಿತ. ಮನೆಯಲ್ಲಿ ಒಂದು ಆಳು ಕಡಿಮೆ ಆದರೂ ಕಷ್ಟ." ಫೆಬ್ರವರಿ ಅಂದರೆ ಮೂರು ವರ್ಷಕ್ಕೊಮ್ಮೆ ಬರುವ ಸಾಗರದ ಮಾರಿಜಾತ್ರೆ. ಮನೆ ತುಂಬ ನೆಂಟರು. ಕೊನೆಗೆ ಮಾರ್ಚಿನ ಮೊದಲ ಭಾನುವಾರ ಅಂತಾಯಿತು.

ಊಟ, ಶಾಮಿಯಾನ, ಬ್ಯಾನರ್ ಬೇಗ ಮುಗಿದವು. ನಮ್ಮಲ್ಲಿ ಟೇಲ್ ಟ್ವಿಸ್ಟರ್ ಅಂತ ಒಂದು ಹುದ್ದೆ ಇದೆ. ತಡವಾಗಿ ಬಂದವರಿಗೆ, ಬ್ಯಾಡ್ಜು ಮರೆತವರಿಗೆ ಹತ್ತೋ ಇಪ್ಪತ್ತೋ ದಂಡ ಹಾಕಿ ನಗಿಸುವುದು ಅವರ ಕೆಲಸ. ವರ್ಷವಿಡೀ ಕೂಡಿದ ಆ ದುಡ್ಡು ಚಾಳೀಸು ಕನ್ನಡಕಗಳಿಗೆ ಅಂತ ಬರೆದುಕೊಂಡರು. ಇನ್ನೇನು ಏಳಬೇಕು, ನಿವೃತ್ತ ನರ್ಸ್ ಆಗಿರುವ ನಮ್ಮ ಸದಸ್ಯೆ ಕೇಳಿದರು: "ಆಪರೇಷನ್ ಆದ ಮೇಲೆ ಮನೆಯಲ್ಲಿ ಹನಿ ಹಾಕೋರು ಯಾರು?"

ಯಾರೂ ಮಾತಾಡಲಿಲ್ಲ. ಪೊರೆಯ ಆಪರೇಷನ್ ಹದಿನೈದು ಇಪ್ಪತ್ತು ನಿಮಿಷದ್ದು. ಆದರೆ ಆಮೇಲೆ ಒಂದು ತಿಂಗಳಿಗೂ ಜಾಸ್ತಿ ಹೊತ್ತು ಹೊತ್ತಿಗೆ ಹನಿ ಹಾಕಬೇಕು. ಮೊದಲ ದಿನಗಳಲ್ಲಿ ಕಣ್ಣಿಗೆ ನೀರು ತಾಗಬಾರದು. ಹೊಗೆ, ಧೂಳು, ಭಾರ ಎತ್ತುವುದು ಬೇಡ. ಆ ಕಡೆ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಇಲ್ಲಿ ಅಜ್ಜ ಅಜ್ಜಿ ಇಬ್ಬರೇ. ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಕಾಡು. ಆ ರಾತ್ರಿ ಒಂಬತ್ತೂವರೆಯ ತನಕ ಇದೇ ಮಾತಾಯಿತು. ಆಪರೇಷನ್ ಆದ ಒಬ್ಬೊಬ್ಬರಿಗೂ ಕ್ಲಬ್ಬಿನ ಒಬ್ಬ ಸದಸ್ಯ ಹೊಣೆ. ಆಪರೇಷನ್‌ಗೆ ಮೊದಲೇ ಅಕ್ಕಪಕ್ಕದ ಮನೆಯಲ್ಲಿ ಹನಿ ಹಾಕುವವರನ್ನು ಗೊತ್ತು ಮಾಡಿಕೊಳ್ಳಬೇಕು. ಒಂದು ವಾರಕ್ಕೆ, ಮತ್ತೆ ತಿಂಗಳಿಗೆ ತಪಾಸಣೆಗೆ ಕರೆದುಕೊಂಡು ಹೋಗುವ ಗಾಡಿ ಯಾರದ್ದು ಅಂತಲೂ ಈಗಲೇ ಬರೆಯಬೇಕು. ಕಾರ್ಯದರ್ಶಿ ಎಲ್ಲ ಬರೆದರು. ನಮ್ಮ ಕ್ಲಬ್ಬಿನ ನಡಾವಳಿ ಪುಸ್ತಕದಲ್ಲಿ ನಾನು ನೋಡಿದ ಅತ್ಯಂತ ಒಳ್ಳೆಯ ಪುಟ ಅದು.

ಕ್ಯಾಂಪಿನ ದಿನ ಬೆಳಿಗ್ಗೆ ನಾವು ಹೋಗುವಾಗಲೇ ಶಾಲೆಯ ಜಗಲಿಯಲ್ಲಿ ಜನ ಕೂತಿದ್ದರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಹೇಳಿ ಬಂದಿದ್ದರು. ಅವರಿಲ್ಲದೆ ಮಲೆನಾಡಿನಲ್ಲಿ ಯಾವ ಕ್ಯಾಂಪೂ ನಡೆಯುವುದಿಲ್ಲ. ಬ್ಯಾನರಿನಲ್ಲಿ ಅವರ ಹೆಸರು ಇರುವುದಿಲ್ಲ, ಇರಬೇಕು. ಸಾಲಿನಲ್ಲಿ ಕೂತವರಿಗೆ ಅವರೇ ಮಂಗನ ಕಾಯಿಲೆಯ ಬಗ್ಗೆಯೂ ಹೇಳಿದರು. ಕಾಡಿಗೆ ಹೋಗುವಾಗ ಉಣುಗು ಕಚ್ಚದ ಹಾಗೆ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಜ್ವರ ಬಂದರೆ ಮನೆಯಲ್ಲಿ ಕೂರಬೇಡಿ ಅಂತ. 2019ರಲ್ಲಿ ಅರಳಗೋಡು ಕಡೆ ಈ ಕಾಯಿಲೆಯಿಂದ ಆದ ಸಾವುಗಳನ್ನು ನಮ್ಮ ತಾಲ್ಲೂಕಿನವರು ಮರೆತಿಲ್ಲ.

ಓದಲು ಬಾರದವರಿಗೆ ಬೇರೆ ಬೇರೆ ದಿಕ್ಕಿಗೆ ತಿರುಗಿದ ಇಂಗ್ಲಿಷಿನ 'E' ಅಕ್ಷರದ ಚಾರ್ಟು. ಅದು ಯಾವ ಕಡೆ ಬಾಯಿ ತೆರೆದಿದೆ ಅಂತ ಕೈಯಲ್ಲಿ ತೋರಿಸಿದರೆ ಸಾಕು. ಬಂದವರಲ್ಲಿ ತುಂಬಾ ಜನರಿಗೆ ಬೇಕಾಗಿದ್ದುದು ಚಾಳೀಸು ಮಾತ್ರ. ಒಬ್ಬ ಹೆಂಗಸಿನ ಎಡಗೈ ಬೆರಳುಗಳ ತುಂಬ ಗಾಯದ ಗುರುತು. ಮೆಟ್ಟುಗತ್ತಿಯ ಮೇಲೆ ಅಡಿಕೆ ಸುಲಿಯುವಾಗ ಹತ್ತಿರದ್ದು ಸರಿಯಾಗಿ ಕಾಣುವುದಿಲ್ಲ, ಅದಕ್ಕೆ ಕೊಯ್ದುಕೊಳ್ಳುತ್ತಿದ್ದರು. "ಓದಾಕೆ ಬರದೇ ಇದ್ದವ್ರಿಗೆ ಕನ್ನಡಕ ಯಾಕೆ ಅಂತ ಕೇಳ್ಲೇ ಇಲ್ಲ" ಅಂದರು. ಕನ್ನಡಕ ಹಾಕಿಕೊಂಡು ಮೊದಲು ನೋಡಿದ್ದು ತಮ್ಮ ಬೆರಳುಗಳನ್ನೇ.

ನನ್ನ ಕೆಲಸ ಹೆಂಗಸರ ಸಾಲಿನ ಹತ್ತಿರ ಕೂತು ಹೆಸರು, ಆಧಾರ್, ಫೋನ್ ನಂಬರ್ ಬರೆಯುವುದು. ಲಯನ್ಸ್‌ನಲ್ಲಿ ಹೆಂಗಸರಿಗೆ ಸದಸ್ಯತ್ವ ಸಿಕ್ಕಿದ್ದು 1987ರಲ್ಲಿ. ಅಷ್ಟು ತಡ ಯಾಕಾಯಿತೋ ಅಂತ ಅವತ್ತು ನನಗೆ ಮತ್ತೆ ಮತ್ತೆ ಅನ್ನಿಸಿತು. ಗಂಡಸರು ಕೇಳಿದರೆ "ಕಾಣ್ತದೆ" ಅಂತ ಹೇಳುವ ಅಜ್ಜಿಯರು, ನನ್ನ ಹತ್ತಿರ ಒಲೆಯ ಬೆಂಕಿ ಕಾಣದೆ ಕೈ ಸುಟ್ಟುಕೊಂಡಿದ್ದು, ಬಾವಿಕಟ್ಟೆ ಎಡವಿದ್ದು ಎಲ್ಲ ಹೇಳಿದರು.

ಅವರಲ್ಲಿ ಒಬ್ಬ ಅಜ್ಜಿಯ ಎರಡೂ ಕಣ್ಣಿನಲ್ಲಿ ಪೊರೆ. ಬಲಗಣ್ಣು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ದಿನ ಯಾಕೆ ಬರಲಿಲ್ಲ ಅಂತ ಕೇಳಿದೆ. "ಹಣ್ಣಾಗ್ಲಿ ಅಂತ ಕಾಯ್ತಾ ಇದೀನಿ ತಂಗಿ" ಅಂದರು. ಈ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಹಿಂದಿನ ಕಾಲದ ಆಪರೇಷನ್‌ಗೆ ಪೊರೆ ಬಲಿಯಬೇಕಿತ್ತು. ಆಗ ಮಸೂರ ತೆಗೆದು ದಪ್ಪ ಗಾಜಿನ ಕನ್ನಡಕ ಕೊಡುತ್ತಿದ್ದರು. ಈಗ ಒಳಗೇ ಮಸೂರ ಕೂರಿಸುತ್ತಾರೆ, ಕಾಯುವ ಅಗತ್ಯವಿಲ್ಲ. ಪೂರ್ತಿ ಬಲಿಯಲು ಬಿಟ್ಟರೆ ಕಣ್ಣಿನ ಒತ್ತಡ ಏರಿ, ಇರುವ ದೃಷ್ಟಿಯೂ ಹೋಗಬಹುದು. ಡಾಕ್ಟರು ಇದನ್ನೆಲ್ಲ ನಿಧಾನವಾಗಿ ತಿಳಿಸಿದರು. ಅಜ್ಜಿ ಎಲ್ಲ ಕೇಳಿ ಹೇಳಿದ್ದು: "ದನ ಯಾರು ನೋಡ್ಕಳ್ತಾರೆ?"

ಡಾಕ್ಟರ ಬಳಿ ಅದಕ್ಕೆ ಉತ್ತರ ಇರಲಿಲ್ಲ. ಆಶಾ ಕಾರ್ಯಕರ್ತೆಯ ಬಳಿ ಇತ್ತು. ಪಕ್ಕದ ಮನೆಯ ಸೊಸೆ ಹಾಲು ಕರೆಯುತ್ತಾಳೆ, ಹನಿಯನ್ನೂ ಅವಳೇ ಹಾಕುತ್ತಾಳೆ ಅಂತ ಒಪ್ಪಿಸಿ ಬಂದಳು. ಅಜ್ಜಿ ಆಪರೇಷನ್‌ಗೆ ಶಿವಮೊಗ್ಗದ ಆಸ್ಪತ್ರೆಗೆ ಹೋಗುವ ಬಸ್ಸು ಹತ್ತಿದರು. ಸಕ್ಕರೆ ಜಾಸ್ತಿ ಇದ್ದವರನ್ನು, ಬಿಪಿ ಏರಿದ್ದವರನ್ನು ಮಾತ್ರೆ ಕೊಟ್ಟು ವಾಪಸ್ ಕಳಿಸಬೇಕಾಯಿತು. ಬಟ್ಟೆ ಗಂಟು ಕಟ್ಟಿಕೊಂಡು ಬಂದು ಹಾಗೇ ಮರಳಿ ಹೋದವರನ್ನು ನೋಡಿ ನನಗೆ ತುಂಬಾ ಬೇಜಾರಾಯಿತು. ಅವರ ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿಟ್ಟೆ.

ಸಂಜೆ ಸೇತುವೆ ದಾಟಿ, ಸಾಗರದ ಮೇಲೆ ಶಿವಮೊಗ್ಗಕ್ಕೆ ಹೋದೆವು. ಆಸ್ಪತ್ರೆಯಲ್ಲಿ ರಾತ್ರಿ ನಾನು ಮತ್ತು ನರ್ಸ್ ಅಕ್ಕ ಉಳಿದೆವು. ಮರುದಿನ ಆಪರೇಷನ್, ಅದರ ಮರುದಿನ ಪಟ್ಟಿ ಬಿಚ್ಚಿದರು. ಎಲ್ಲ ಚೆನ್ನಾಗಿ ಆಯಿತು, ಎಲ್ಲರಿಗೂ ಖುಷಿ. ಪಟ್ಟಿ ಬಿಚ್ಚುವ ಹೊತ್ತಿನ ಫೋಟೋಗಳೂ ಬಂದವು. ಆದರೆ ನಿಜವಾದ ಕೆಲಸ ಇದ್ದದ್ದು ಮುಂದಿನ ತಿಂಗಳಿನಲ್ಲಿ.

ಆ ಕಡೆ ಎಲ್ಲ ಮನೆಗೂ ನೆಟ್‌ವರ್ಕ್ ಸಿಗುವುದಿಲ್ಲ. ಫೋನ್ ಮಾಡಿ ವಿಚಾರಿಸುತ್ತೇವೆ ಅಂತ ಮೀಟಿಂಗಿನಲ್ಲಿ ಬರೆದುಕೊಂಡಿದ್ದು ಮೊದಲ ವಾರದಲ್ಲೇ ಕೈಕೊಟ್ಟಿತು. ಹಾಲಿನ ಡೇರಿಗೆ ಬರುವವರ ಹತ್ತಿರ, ಅಂಗಡಿಯವರ ಹತ್ತಿರ ಹೇಳಿ ಕಳಿಸಿ ಕೇಳುವುದಾಯಿತು. ಒಬ್ಬರು ಎರಡನೇ ವಾರಕ್ಕೇ ತೋಟಕ್ಕೆ ಇಳಿದು ತರಗೆಲೆ ಗುಡಿಸಿದ್ದರು. ಸಂಜೆ ಕಣ್ಣು ಕೆಂಪಾಗಿ ನೋವು ಶುರುವಾಯಿತು. ಮೊಮ್ಮಗ ಗುಡ್ಡ ಹತ್ತಿ ಸಿಗ್ನಲ್ ಸಿಕ್ಕಲ್ಲಿಂದ ಹೊಣೆ ಹೊತ್ತಿದ್ದ ಸದಸ್ಯರಿಗೆ ಫೋನ್ ಮಾಡಿದ. ಅವರು ಔಷಧಿ ಅಂಗಡಿ ಇಟ್ಟುಕೊಂಡವರು. ಅಂಗಡಿ ಮಗನಿಗೆ ಬಿಟ್ಟು ಕಾರು ತೆಗೆದರು. ರಾತ್ರಿಯೇ ಸೇತುವೆ ದಾಟಿ ಶಿವಮೊಗ್ಗ ಸೇರಿಸಿದರು. ಸೋಂಕು ಶುರುವಿನಲ್ಲೇ ಸಿಕ್ಕಿತು, ಕಣ್ಣು ಉಳಿಯಿತು. ಲಾಂಚಿನ ಕಾಲವಾಗಿದ್ದರೆ ಬೆಳಗಾಗುವ ತನಕ ದಡದಲ್ಲೇ ಕಾಯಬೇಕಿತ್ತು.

ತಮ್ಮನಿಗೆ ನಾನು ಹೇಳಿದ್ದು ಇದನ್ನೇ. ಆ ಮೊಮ್ಮಗನ ಜೇಬಿನಲ್ಲಿ ಫೋನ್ ನಂಬರ್ ಇದ್ದದ್ದು ಡಿಸೆಂಬರಿನ ಆ ಮೀಟಿಂಗಿನಿಂದ. ಶಾಲು, ಹಾರ, ಉದ್ಘಾಟನೆಯ ಭಾಷಣ ಕಡಿಮೆ ಮಾಡಿದರೆ ನನಗೆ ಸಂತೋಷವೇ. ಆದರೆ ಕೂತು ಮಾತಾಡುವುದನ್ನು ಕಡಿಮೆ ಮಾಡಬಾರದು.

ಒಂದು ಚಿಂತೆ ಮಾತ್ರ ಇದೆ. ನಮ್ಮ ಕ್ಲಬ್ಬುಗಳಲ್ಲಿ ಪ್ರತಿ ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು. ಹೊಸಬರು ಹೊಸ ಕಾರ್ಯಕ್ರಮ ಮಾಡಬೇಕು ಅಂತ ಹೊರಡುತ್ತಾರೆ, ಹಳೆಯದು ಅರ್ಧಕ್ಕೆ ನಿಲ್ಲುತ್ತದೆ. ಇದು ಸರಿಯಲ್ಲ ಅಂತ ನಾನು ಮೀಟಿಂಗಿನಲ್ಲೇ ಎದ್ದು ನಿಂತು ಹೇಳಿದೆ. ಸಕ್ಕರೆ ಜಾಸ್ತಿ ಇದ್ದು ವಾಪಸ್ ಹೋದವರ ಹಾಳೆಯನ್ನು, ಇನ್ನೊಂದು ಕಣ್ಣಿನ ಆಪರೇಷನ್ ಬಾಕಿ ಇರುವವರ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟೆ. ದನದ ಅಜ್ಜಿಯ ಹೆಸರೂ ಅದರಲ್ಲಿದೆ. ಮುಂದಿನ ಅಧ್ಯಕ್ಷರು ನರ್ಸ್ ಅಕ್ಕನೇ. ಜುಲೈನ ಮೊದಲ ಮೀಟಿಂಗಿನ ಮೊದಲ ವಿಷಯ ಇದೇ ಅಂತ ಅವರು ಒಪ್ಪಿಕೊಂಡಿದ್ದಾರೆ. ಕಾರ್ಯದರ್ಶಿ ಅದನ್ನೂ ಬರೆದುಕೊಂಡರು.