ಸಂವೇದಕಕ್ಕೊಂದು ತಂಪು ಜಾಗ

ಹೊರಗಿನ ತಾಪಮಾನ ತೋರಿಸುವ ಮಾಪಕವನ್ನು ಕಾರಿಗೆ ಕೂರಿಸುವುದರಲ್ಲಿ ಕಷ್ಟದ ಕೆಲಸವೇನೂ ಇಲ್ಲ, ಒಂದನ್ನು ಬಿಟ್ಟರೆ. ಸಂವೇದಕವನ್ನು ಎಲ್ಲಿಡಬೇಕು?

ಮೊದಲು ಅದು ಸುಳ್ಳು ಹೇಳುವುದಿಲ್ಲವೆಂದು ಖಚಿತವಾಗಬೇಕಿತ್ತು. ಲೋಟದ ತುಂಬ ಪುಡಿ ಮಂಜುಗಡ್ಡೆ ಹಾಕಿ, ಸ್ವಲ್ಪ ನೀರು ಬೆರೆಸಿ, ವೈರಿನ ತುದಿಯನ್ನು ಅದ್ದಿ ಕಲಕುತ್ತ ಕುಳಿತೆ. ಅಂಕಿ ಇಳಿಯುತ್ತ ಇಳಿಯುತ್ತ 0.4 ಡಿಗ್ರಿಗೆ ಬಂದು ನಿಂತಿತು. ಸೊನ್ನೆ ಬರಬೇಕಾದಲ್ಲಿ ಅಷ್ಟು ವ್ಯತ್ಯಾಸವನ್ನು ನಾನು ಕ್ಷಮಿಸಿಬಿಡುತ್ತೇನೆ. ತುದಿಯೊಳಗಿರುವುದು ಸಾಸಿವೆ ಕಾಳಿನಷ್ಟು ಥರ್ಮಿಸ್ಟರ್. ಬಿಸಿಯೇರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಆ ರೋಧವನ್ನೇ ಮಾಪಕ ಡಿಗ್ರಿಯಾಗಿ ಓದುತ್ತದೆ.

ಬಾನೆಟ್ಟಿನ ಒಳಗಂತೂ ಇಡುವಂತಿಲ್ಲ, ಅಲ್ಲಿರುವುದು ಎಂಜಿನ್ನಿನ ಹವಾಮಾನ. ಪಕ್ಕದ ಕನ್ನಡಿಯ ಅಡಿಯಲ್ಲಿ ಗಾಳಿ ಚೆನ್ನಾಗಿದ್ದರೂ ವೈರನ್ನು ಬಾಗಿಲಿನ ಸಂದಿಯಲ್ಲಿ ತರಬೇಕು; ಮುಚ್ಚಿ ತೆರೆದು ಅದು ಹರಿಯುವುದು ಖಂಡಿತ. ಹಾಗಾಗಿ ಟೇಪಿನಲ್ಲಿ ತಾತ್ಕಾಲಿಕವಾಗಿ ಅಂಟಿಸಿಕೊಂಡು ಸುತ್ತಾಡಿದೆ. ರೇಡಿಯೇಟರಿನ ಮುಂದೆ ಇಟ್ಟಾಗ ಓಡುವಷ್ಟು ಹೊತ್ತು ಎಲ್ಲವೂ ಸರಿ. ಸಿಗ್ನಲ್ಲಿನಲ್ಲಿ ನಿಂತೊಡನೆ 27 ಇದ್ದದ್ದು 29, ಆಮೇಲೆ 33! ಬಂಪರಿನ ಹಿಂದೆ, ಸೈಲೆನ್ಸರ್ ಕೊಳವೆಗೂ ರೇಡಿಯೇಟರಿಗೂ ದೂರವಾದ ಕೆಳಮೂಲೆಯಲ್ಲಿ ಮಾತ್ರ ಅಂಕಿ ಹೆಚ್ಚು ಕದಲಲಿಲ್ಲ. ಬಿಸಿಲು ತಾಗದ, ಗಾಳಿಯಾಡುವ ಜಾಗ. ಲೋಹಕ್ಕೆ ಒರಗಿದರೆ ಲೋಹದ ಬಿಸಿಯನ್ನೇ ಓದುತ್ತದೆ ಎಂದು ತುದಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಗಾಳಿಯಲ್ಲಿ ತೂಗಾಡುವಂತೆ ಬಿಟ್ಟೆ.

ಎಂಜಿನ್ನಿಗೂ ನಮಗೂ ನಡುವಿನ ತಗಡಿನ ಗೋಡೆಯಲ್ಲಿ ಕಾರ್ಖಾನೆಯವರೇ ವೈರುಗಳಿಗಾಗಿ ರಬ್ಬರ್ ಬುಷ್ ಹಾಕಿರುತ್ತಾರೆ. ಅದರ ಅಂಚಿನಲ್ಲಿ ಸಣ್ಣ ಸೀಳು ಮಾಡಿ, ಗಟ್ಟಿ ತಂತಿಗೆ ವೈರನ್ನು ಸುತ್ತಿ ತೂರಿಸಿದೆ. ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಪೆಡಲುಗಳ ನಡುವೆ ತಲೆ ತೂರಿಸಿ ಮಾಡುವ ಈ ಕೆಲಸದಲ್ಲಿ ಘನತೆಯೇನೂ ಇಲ್ಲ. ಬುಷ್ ಸೇರುವ ಮುನ್ನ ವೈರು ಒಮ್ಮೆ ಕೆಳಗೆ ಬಾಗುವಂತೆ ಸಡಿಲ ಬಿಟ್ಟೆ. ಮಳೆನೀರು ವೈರಿನಗುಂಟ ಒಳಗೆ ಇಳಿಯದೆ ಆ ಬಾಗಿನಲ್ಲೇ ತೊಟ್ಟಿಕ್ಕಿಬಿಡುತ್ತದೆ. ಇಗ್ನಿಷನ್ ಹಾಕಿದಾಗ ಮಾತ್ರ ಜೀವ ಬರುವ ಫ್ಯೂಸಿನಿಂದ ವಿದ್ಯುತ್ ತೆಗೆದುಕೊಂಡದ್ದರಿಂದ ಬ್ಯಾಟರಿಯ ಚಿಂತೆಯಿಲ್ಲ.

ಈಗ ಮಾಪಕ ತೋರಿಸುವುದು ಗಾಳಿಯ ತಾಪಮಾನವನ್ನು, ರಸ್ತೆಯದನ್ನಲ್ಲ. ಚಳಿಯ ಬೆಟ್ಟದ ದಾರಿಗಳಲ್ಲಿ ಈ ವ್ಯತ್ಯಾಸ ಮುಖ್ಯ. ಸೇತುವೆಗೆ ಮೇಲಿನಿಂದಲೂ ಕೆಳಗಿನಿಂದಲೂ ಗಾಳಿ ತಾಗುವುದರಿಂದ ಅದು ಬೇಗ ತಣಿಯುತ್ತದೆ. ಮಾಪಕ ಇನ್ನೂ 2 ಡಿಗ್ರಿ ಎನ್ನುತ್ತಿರುವಾಗಲೇ ಅಲ್ಲಿ ನೀರು ಹೆಪ್ಪುಗಟ್ಟಿರಬಹುದು. ಪರದೆಯಲ್ಲಿ 4 ಕಂಡೊಡನೆ ನಾನು ಕಾಲನ್ನು ಹಗುರ ಮಾಡುತ್ತೇನೆ.