ಕೋಚ್ ಬ್ಯಾಗಿನಲ್ಲಿ ಏನೇನಿತ್ತು

ಮಂಡ್ಯ ಕಡೆ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ದಸರಾ ಕ್ರೀಡಾಕೂಟ ಹತ್ತಿರ ಬಂದಾಗ ತಾಲ್ಲೂಕಿನ ಪಿ.ಟಿ. ಮೇಷ್ಟ್ರುಗಳು, ಊರುಗಳಲ್ಲಿ ಹುಡುಗರಿಗೆ ಕಬಡ್ಡಿ, ಓಟ ಕಲಿಸುವ ಕೋಚ್‌ಗಳು ಒಂದು ಕಡೆ ಸೇರುವವರಿದ್ದರು. ಪರಿಚಯದ ಮೇಷ್ಟ್ರೊಬ್ಬರು ಅಂಗಡಿಗೆ ಬಂದು, "ಉದ್ದೀಪನ ಮದ್ದಿನ ಬಗ್ಗೆ ಸ್ವಲ್ಪ ಮಾತಾಡಿ ಸರ್, ನಿಮಗೆ ಔಷಧಿ ಗೊತ್ತಲ್ಲ" ಅಂದರು. ಒಪ್ಪಿಕೊಂಡೆ. ಆದರೆ ಬರುವವರೆಲ್ಲ ಗ್ರೌಂಡಿಗೆ ಒಯ್ಯುವ ಫಸ್ಟ್ ಏಯ್ಡ್ ಬ್ಯಾಗ್ ಹಾಗೇ ತರಬೇಕು, ಏನೂ ತೆಗೆದಿಡಬಾರದು ಅಂದೆ. ನಿಷೇಧಿತ ಔಷಧಿಗಳ ಪಟ್ಟಿ ಓದುತ್ತಾ ಕೂತರೆ ಮಧ್ಯಾಹ್ನದ ಊಟ ಆದಮೇಲೆ ಯಾರು ಎಚ್ಚರ ಇರ್ತಾರೆ?

ಹೈಸ್ಕೂಲಿನ ಸೈನ್ಸ್ ಲ್ಯಾಬಿನ ಉದ್ದ ಟೇಬಲ್ ಮೇಲೆ ಎಲ್ಲವನ್ನೂ ಸುರಿದೆವು. ಕ್ರೇಪ್ ಬ್ಯಾಂಡೇಜು, ನೋವಿನ ಸ್ಪ್ರೇ, ಓಆರ್‌ಎಸ್ ಪ್ಯಾಕೆಟ್ಟು, ಹತ್ತಿ. ಅದರ ನಡುವೆ ಅರ್ಧ ಖಾಲಿಯಾದ ಕೆಮ್ಮಿನ ಸಿರಪ್ ಬಾಟಲಿ, ಕುತ್ತಿಗೆಯಲ್ಲಿ ಅಂಟು ಗಟ್ಟಿಯಾಗಿತ್ತು. ತಂದಿದ್ದ ಮೇಡಂ, "ಮಕ್ಕಳು ಕೆಮ್ಮಿದರೆ ಒಂದು ಮುಚ್ಚಳ ಕೊಡ್ತೀನಿ, ಅಷ್ಟೇ" ಅಂದರು. ಲೇಬಲ್ಲಿನ ಚಿಕ್ಕ ಅಕ್ಷರ ಅವರ ಕೈಲೇ ಓದಿಸಿದೆ. ಮೊದಲ ಸಾಲಲ್ಲೇ ಟರ್ಬುಟಲಿನ್, ಉಸಿರಾಟ ಸಲೀಸು ಮಾಡುವ ಔಷಧಿ, ಆಟಗಾರರಿಗೆ ನಿಷೇಧಿತ. ಕ್ರಿಕೆಟಿಗ ಪೃಥ್ವಿ ಶಾಗೆ 2019ರಲ್ಲಿ ಬಿಸಿಸಿಐ ಎಂಟು ತಿಂಗಳು ನಿಷೇಧ ಹಾಕಿದ್ದು ಇದಕ್ಕೇ. ಕೆಮ್ಮಿಗೆ ಸಿರಪ್ ಕುಡಿದೆ ಅಂತ ಆ ಹುಡುಗ ಹೇಳಿದ್ದ, ಬೇಕಂತ ಮಾಡಿದ್ದಲ್ಲ ಅಂತ ಬಿಸಿಸಿಐ ಕೂಡ ಒಪ್ಪಿತ್ತು. ಆದರೂ ಶಿಕ್ಷೆ ತಪ್ಪಲಿಲ್ಲ. ಮೈಯೊಳಗೆ ಏನು ಸಿಕ್ಕಿದರೂ ಅದಕ್ಕೆ ಆಟಗಾರನೇ ಹೊಣೆ, ಯಾರು ಕೊಟ್ಟರು ಅನ್ನೋದು ಆಮೇಲಿನ ಮಾತು. ಮೇಡಂ ಬಾಟಲಿಯನ್ನು ಎರಡು ಸಲ ತಿರುಗಿಸಿ ನೋಡಿದರು.

ಆಮೇಲೆ ಗ್ಲೂಕೋಸ್ ವಿಷಯ ಬಂತು. ನಮ್ಮ ಕಡೆ ಇದು ಮಾಮೂಲಿ. ಹುಡುಗ ಸುಸ್ತಾದ ಅಂದರೆ ಕ್ಲಿನಿಕ್ಕಿಗೆ ಕರೆದೊಯ್ದು ಒಂದು ಬಾಟಲಿ ಹಾಕಿಸಿ, ಮಾರನೇ ದಿನ ಆಡಿಸೋದು. ಅದು ಕೂಡ ನಿಷೇಧ ಅಂದಾಗ ಯಾರೂ ನಂಬಲಿಲ್ಲ. ನಮ್ಮ ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾ ಪಾಲಿಸುವ, ಅಂತರರಾಷ್ಟ್ರೀಯ ಸಂಸ್ಥೆ ವಾಡಾದ ಪಟ್ಟಿಯಲ್ಲೇ ಇದೆ: 12 ಗಂಟೆಯೊಳಗೆ 100 ಮಿ.ಲೀ.ಗಿಂತ ಜಾಸ್ತಿ ಡ್ರಿಪ್ ಹಾಕಿಸುವಂತಿಲ್ಲ. ಆಸ್ಪತ್ರೆಯಲ್ಲಿ ನಿಜವಾದ ಚಿಕಿತ್ಸೆಗೆ ಹಾಕಿದ್ದಾದರೆ ಬೇರೆ ಮಾತು. ನಮ್ಮಲ್ಲಿ ಸಿಗೋ ಬಾಟಲಿಯೇ 500 ಮಿ.ಲೀ. ಬಿಸಿಲಲ್ಲಿ ಬಿದ್ದ ಹುಡುಗನಿಗೆ ಡಾಕ್ಟರು ಬೇಕೆಂದರೆ ಹಾಕಿಸಿ, ಜೀವಕ್ಕಿಂತ ಮ್ಯಾಚ್ ದೊಡ್ಡದಲ್ಲ. ಆದರೆ 'ಸ್ಟ್ರೆಂತ್' ಬರಲಿ ಅಂತ ಹಾಕಿಸಬೇಡಿ ಅಂದೆ.

ಹಿಂದಿನ ಬೆಂಚಿನ ಕಬಡ್ಡಿ ಕೋಚ್ ಒಬ್ಬರು ಅಷ್ಟು ಹೊತ್ತೂ ಸುಮ್ನೆ ಕೂತಿದ್ದರು. "ಸರ್, ನಮ್ಮ ತಾಲ್ಲೂಕಿಗೆ ಬಂದು ಯಾರು ಉಚ್ಚೆ ಟೆಸ್ಟ್ ಮಾಡ್ತಾರೆ?" ಅಂದರು. ಎಲ್ಲರೂ ನಕ್ಕರು. ಪ್ರಶ್ನೆ ನ್ಯಾಯವಾದದ್ದೇ. 2023ರ ಸೆಪ್ಟೆಂಬರಿನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಾಡಾದವರು ಬಂದರು ಅಂತ ಗೊತ್ತಾಗಿ ಓಟಗಾರರು ಕಣ್ಮರೆಯಾದ ಕತೆ ಹೇಳಿದೆ. ಗಂಡಸರ 100 ಮೀಟರ್ ಫೈನಲ್ಲಿನಲ್ಲಿ ಓಡಿದ್ದು ಒಬ್ಬನೇ. ಟಾಯ್ಲೆಟ್ಟಿನಲ್ಲಿ ಸಿರಿಂಜುಗಳು ಸಿಕ್ಕಿದ್ದವು. ಮತ್ತೆ ನಕ್ಕರು. ಆ ಹುಡುಗರಿಗೂ ಮೊದಲು ಶೂ ಕಟ್ಟೋದು ಹೇಳಿಕೊಟ್ಟ ಒಬ್ಬ ಪಿ.ಟಿ. ಮೇಷ್ಟ್ರು ಎಲ್ಲೋ ಇರ್ತಾರಲ್ವಾ ಅಂದೆ. ಇಲ್ಲಿ ಟೆಸ್ಟ್ ಆಗದಿರಬಹುದು. ಆದರೆ 'ಸರ್ ಕೊಟ್ಟರೆ ತಿನ್ನಬೇಕು' ಅನ್ನೋ ಅಭ್ಯಾಸ ಶುರುವಾಗೋದು ಇಲ್ಲೇ.

ಅಶ್ವಿನಿ ಅಕ್ಕುಂಜಿ ಹೆಸರು ತೆಗೆದದ್ದು ಅದಕ್ಕೇ. ಉಡುಪಿ ಜಿಲ್ಲೆಯ ಓಟಗಾರ್ತಿ, 2010ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಚಿನ್ನ. ಮರುವರ್ಷ ಅವಳ ಮತ್ತು ಜೊತೆಗಾರ್ತಿಯರ ಟೆಸ್ಟಿನಲ್ಲಿ ಸ್ಟೀರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್‌ಸೆಂಗ್ ಅನ್ನೋ ಬೇರಿನ ಮದ್ದು ತಿಂದೆವು ಅಂತ ಹುಡುಗಿಯರು ಹೇಳಿದರು. ಒಂದು ವರ್ಷದ ನಿಷೇಧ ಮೇಲ್ಮನವಿಯಲ್ಲಿ ಎರಡು ವರ್ಷವಾಯಿತು. ಕೋಚ್ ಕೆಲಸ ಕಳೆದುಕೊಂಡರು, ಹುಡುಗಿಯರು ಲಂಡನ್ ಒಲಿಂಪಿಕ್ಸ್ ಕಳೆದುಕೊಂಡರು.

ಈಗ ಕೋಚ್‌ಗಳಿಗೂ ಬಿಸಿ ತಟ್ಟುತ್ತೆ. ಚಿಕ್ಕ ಮಕ್ಕಳು ಸಿಕ್ಕಿಬಿದ್ದರೆ ಅವರ ಜೊತೆಗಿದ್ದ ದೊಡ್ಡವರ ಮೇಲೆ ತನಿಖೆ ಆಗಲೇಬೇಕು. ಶಾಲೆ ಹುಡುಗನಿಗೆ ಸ್ಟೀರಾಯ್ಡ್ ಕೊಟ್ಟಿದ್ದು ಸಾಬೀತಾದರೆ ಜೀವನಪರ್ಯಂತ ನಿಷೇಧ. ಇದನ್ನು ಹೇಳಿದಾಗ ನಗು ನಿಂತಿತು. ಹೆದರಿಸಿ ಕಲಿಸೋದು ನನಗೆ ಇಷ್ಟವಿಲ್ಲ, ಆದರೆ ಕೆಲವು ಸಲ ಅದೇ ಕೆಲಸ ಮಾಡುತ್ತೆ.

ಕೊನೆಗೆ ಉಳಿದದ್ದು ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಕಂದು ಪೌಡರ್, ಹೊರಗೆ ಮಾರ್ಕರ್ ಪೆನ್ನಲ್ಲಿ 'ಮಾಸ್' ಅಂತ ಬರೆದದ್ದು. ಪೇಟೆಯ ಜಿಮ್‌ನವರು ದೊಡ್ಡ ಡಬ್ಬಿಯಿಂದ ಬಿಡಿಯಾಗಿ ಅಳೆದು ಕೊಟ್ಟದ್ದಂತೆ. ತಂದವರು ಅದೇ ಕಬಡ್ಡಿ ಕೋಚ್. ಒಳಗೆ ಏನಿದೆ ಅಂತ ನನಗೂ ಹೇಳಲಾಗದು, ಅವರಿಗೂ ಗೊತ್ತಿಲ್ಲ. ಬಿಸಾಡಿ ಅಂದೆ. "ನಮ್ಮ ಹುಡುಗನಿಗೆ ಪೊಲೀಸ್ ಕೆಲಸ ಸಿಗೋ ಚಾನ್ಸ್ ಇದೆ ಸರ್, ಸ್ಪೋರ್ಟ್ಸ್ ಕೋಟಾದಲ್ಲಿ. ಮೈ ಸ್ವಲ್ಪ ತುಂಬಬೇಕು" ಅಂದರು. ಅಪ್ಪ ಕಬ್ಬು ಕಡಿಯೋಕೆ ಹೋಗುವ ಮನೆಯ ಹುಡುಗ. ಮೊಟ್ಟೆ, ಹುರುಳಿಕಾಳು, ಕಡಲೆಕಾಯಿ, ಹಾಲು ಅಂತ ನಾನು ಒಂದು ಚೀಟಿಯಲ್ಲಿ ಲೆಕ್ಕ ಹಾಕಿದೆ. ಆ ಪೌಡರಿನ ದುಡ್ಡಿಗೆ ಅದೆಲ್ಲ ಬಂದು ಇನ್ನೂ ಉಳಿಯುತ್ತಿತ್ತು. ಅವರು ಚೀಟಿ ಜೇಬಿಗೆ ಹಾಕಿಕೊಂಡರು, ಡಬ್ಬಿಯನ್ನೂ ಬ್ಯಾಗಿಗೆ ಹಾಕಿಕೊಂಡರು.

ಆವತ್ತಿಂದ ನನ್ನ ವಾಟ್ಸಾಪ್‌ಗೆ ಲೇಬಲ್ ಫೋಟೋಗಳು ಬರ್ತಾ ಇವೆ. "ಇದು ಕೊಡಬಹುದಾ ಸರ್?" ನಾಡಾದ್ದೇ 'ನೋ ಯುವರ್ ಮೆಡಿಸಿನ್' ಆ್ಯಪ್ ಇದೆ, ಅದರಲ್ಲಿ ನೋಡೋದು ಕಲಿಸ್ತಾ ಇದ್ದೀನಿ. ಕಬಡ್ಡಿ ಕೋಚ್ ಮಾತ್ರ ಇನ್ನೂ ಒಂದೂ ಕಳಿಸಿಲ್ಲ. ಮುಂದಿನ ಸಲ ಮೆಡಿಕಲ್ ಶಾಪ್‌ನವರನ್ನೂ ಕರೆಯಿರಿ ಅಂತ ಮೇಷ್ಟ್ರಿಗೆ ಹೇಳಿದ್ದೇನೆ. ಆ ಸಿರಪ್ಪನ್ನು ಡಾಕ್ಟರ ಚೀಟಿ ಇಲ್ಲದೆ ಮಾರಿದವರು ನಮ್ಮವರೇ ತಾನೇ.