ಮೂರು ತುಂಡು ಕಟ್ಟೆ: ನೆರಳಿನ ಲೆಕ್ಕ ಕೊನೆಗೂ ಕೂಡಿತು

ಈ ವಾರ ಸಂಜೆ ಆರರವರೆಗೂ ಓಣಿಯ ಬೇವಿನ ಗಿಡದ ಬಳಿ ಕೂರಲು ಕಟ್ಟಿದ ಹೊಸ ಕಟ್ಟೆ ತುಂಬಿತ್ತು. ಪಾಯ, ಗಿಲಾವು, ಮಟ್ಟ ಹಿಡಿಯುವುದು ನಿಮಗೆ ಗೊತ್ತಿದ್ದದ್ದೇ, ಬಿಡೋಣ. ಕಾಡಿದ ಗಂಟು ಬೇರೆ. ಬೇವಿನ ಗಿಡದ ಬೊಡ್ಡೆ ಸುತ್ತಲಿನ ಮೊದಲ ಕಟ್ಟೆಗೆ ಮಧ್ಯಾಹ್ನ ನೆರಳಿತ್ತು, ಜನ ಇರಲಿಲ್ಲ. ಸಂಜೆ ಓಣಿಯ ಹಿರಿಯರು ಬಂದರು. ಅಂಗೈ ಊರಿ ನೋಡಿ "ಕಲ್ಲು ಕಾದದ" ಎಂದು ನಿಂತೇ ಮಾತಾಡಿ ಹೋದರು.

ಗಿಡದ ಎತ್ತರ 20 ಅಡಿ, ಹರವೂ ಅಷ್ಟೇ. ತಂತಿಗೆ ತಾಗುತ್ತದೆಂದು ಕೆಳಗಿನ ಟೊಂಗೆ ಕಡಿದಿದ್ದರಿಂದ ಹಸಿರು ಶುರುವಾಗುವುದೇ 12 ಅಡಿಯ ಮೇಲೆ. ಕಲಬುರಗಿಯಲ್ಲಿ ಮೇ ಮೂರನೇ ವಾರ ಸಂಜೆ 4ಕ್ಕೆ ನೆರಳು ಎತ್ತರದ 1.3 ಪಟ್ಟು ಉದ್ದ. ಹಾಗಾಗಿ 12 ಅಡಿಯ ನೆರಳಿನಲ್ಲಿ ಅರ್ಧ ಹರವು, ಅಂದರೆ 10 ಅಡಿ ಕಳೆದರೆ, ನೆರಳಿನ ಬೊಡ್ಡೆ ಕಡೆಯ ಅಂಚು ಬೊಡ್ಡೆಯಿಂದ ಪೂರ್ವಕ್ಕೆ 4ಕ್ಕೆ ಸುಮಾರು 5 ಅಡಿ, 5ಕ್ಕೆ 17, ಐದೂವರೆಗೆ 30 ಅಡಿ ಸರಿದಿರುತ್ತದೆ. ಬೊಡ್ಡೆಗೆ ಅಂಟಿದ ಕಟ್ಟೆಗೆ ಉಳಿಯುವುದು ಬರೀ ಬಿಸಿಲು.

ನ್ಯೂಯಾರ್ಕ್‌ನ ಚೌಕಗಳಲ್ಲಿ 1970ರ ದಶಕದಲ್ಲಿ ಕ್ಯಾಮೆರಾ ಇಟ್ಟು ನೋಡಿದ ವಿಲಿಯಂ ವೈಟ್, ಜನ ಕುರ್ಚಿಯನ್ನು ತುಸುವಾದರೂ ಸರಿಸಿಕೊಂಡೇ ಕೂರುವುದನ್ನು ಗುರುತಿಸಿದ್ದರು. ಓಣಿಯಲ್ಲಿ ಕುರ್ಚಿ ಬಿಟ್ಟರೆ ಬೆಳಿಗ್ಗೆ ಇರುವುದಿಲ್ಲ. ಅದಕ್ಕೇ ಕಟ್ಟೆಯನ್ನೇ ಮೂರು ತುಂಡು ಮಾಡಿ 8, 19, 31ನೇ ಅಡಿಗೆ, ಪೂರ್ವದಿಂದ ತುಸು ದಕ್ಷಿಣಕ್ಕೆ ಓರೆಯಾಗಿ ಸಾಲು ಹಿಡಿದದ್ದು. ನೆರಳು ನಡೆದಂತೆ ಜನವೂ ನಡೆಯುತ್ತಾರೆ. ಪ್ರತಿ ತುಂಡೂ ಕಾಟಕೋನ (ಲಂಬಕೋನ), ತೋಳು ನಾಲ್ಕು ನಾಲ್ಕು ಅಡಿ: ನೇರ ಕಟ್ಟೆಯಲ್ಲಿ ತುದಿಯಿಬ್ಬರಿಗೆ ಒಬ್ಬರ ಮುಖ ಒಬ್ಬರಿಗೆ ಕಾಣದು. ಎತ್ತರ 18 ಇಂಚು, ಮೊಣಕಾಲು ನೋವಿನವರೂ ಸಲೀಸಾಗಿ ಏಳಬಹುದು. ಅಗಲ 30 ಇಂಚು, ಎರಡೂ ಬದಿಗೆ ಬೆನ್ನಿಗೆ ಬೆನ್ನು ಕೊಟ್ಟು ಕೂರಲು ಸಾಕು.

ಶಹಾಬಾದ್ ಫರ್ಸಿ ತರುವಾಗ ಎಚ್ಚರ. 2 ಇಂಚು ಹೇಳಿ ಹಣ ಕೊಟ್ಟರೂ ಲೋಡಿನ ನಡುವೆ ಒಂದೂಕಾಲು ಇಂಚಿನವು ಬರುತ್ತವೆ. ಗಾಡಿ ಇಳಿಸುವ ಮುಂಚೆಯೇ ಒಂದೊಂದರ ಅಂಚಿಗೂ ಟೇಪು ಹಿಡಿಯಿರಿ. ಇದು ಪದರಗಲ್ಲು, ಸುತ್ತಿಗೆಯಿಂದ ತಟ್ಟಿದರೆ 'ಠಣ್' ಎನ್ನಬೇಕು, 'ದಬ್' ಎಂದರೆ ಒಳಗೆ ಪದರ ಬಿಟ್ಟಿದೆ. 3 ಇಂಚಿಗಿಂತ ಹೆಚ್ಚು ಹೊರಚಾಚಿದ ತೆಳು ಹಾಸು ಹುಡುಗರು ಜಿಗಿದೊಡನೆ ಸೀಳುತ್ತದೆ. ಹಳೆ ಕಟ್ಟೆಯ ಕಾಂಕ್ರೀಟು ಒಡೆದು ಬೊಡ್ಡೆ ಸುತ್ತ 2 ಅಡಿ ಮಣ್ಣು ಬಿಟ್ಟಾಗಿದೆ, ಬೇರಿಗೆ ನೀರು ಬೇಕು.

ಇನ್ನು ಅರವಟ್ಟಿಗೆ. ರಂಜಣಿಗೆಗೆ, ಅಂದರೆ ಕುಡಿಯುವ ನೀರಿನ ದೊಡ್ಡ ಮಣ್ಣಿನ ಗಡಿಗೆಗೆ, ಉತ್ತರ ಗೋಡೆಯೇ ತಂಪೆಂದು ಎಲ್ಲರೂ ಹೇಳುತ್ತಾರೆ. ನಮ್ಮ ಅಕ್ಷಾಂಶ 17.3 ಡಿಗ್ರಿ, ಮೇ ಎರಡನೇ ವಾರದಿಂದ ಆಗಸ್ಟ್ ಆರಂಭದವರೆಗೆ ಸೂರ್ಯ ಉತ್ತರಕ್ಕೇ ಇರುವುದರಿಂದ ಆಗ ದಕ್ಷಿಣ ಗೋಡೆಗೆ ನೇರ ಬಿಸಿಲೇ ಬೀಳದು. ಮಾರ್ಚ್, ಏಪ್ರಿಲಿನಲ್ಲಿ ಮಾತ್ರ ಅದೇ ಗೋಡೆಗೆ ಎರಡು ಅಡಿಯ ತಗಡಿನ ಚಾಚು ಬೇಕು. 19ನೇ ಅಡಿಯ ಕಟ್ಟೆಯಿಂದ ಕಣ್ಣಿಗೆ ಬೀಳುವಂಥ ದಕ್ಷಿಣ ಗೋಡೆಯೊಂದಿದೆ. ಮನೆಯವರನ್ನು ಕೇಳುವುದು ಬಾಕಿ.